ಚಿಮಣಿಯಲ್ಲಿ ಹೊಗೆ ಕಾಣದಿದ್ದರೆ ಮಾಲಿನ್ಯ ಇಲ್ಲವೆಂದೇ?

ಪ್ರಶ್ನೆ: ನಮ್ಮೂರು ಒಂದು ಶಾಖೋತ್ಪನ್ನ ವಿದ್ಯುತ್ ಸ್ಥಾವರದಿಂದ ಮೂರ್ನಾಲ್ಕು ಕಿಲೋಮೀಟರ್ ದೂರದಲ್ಲಿದೆ. ಬೇಸಿಗೆಯ ಗಾಳಿ ಎದ್ದರೆ ಮಾಳಿಗೆ ಮೇಲೆ ಹರವಿದ ತೊಗರಿ, ಒಣಗಲು ಹಾಕಿದ ಬಟ್ಟೆ ಎಲ್ಲದರ ಮೇಲೂ ಬೂದಿ ಕೂರುತ್ತದೆ. ಅಪ್ಪನಿಗೆ ಅರವತ್ತು ದಾಟಿದೆ, ಕೆಲ ವರ್ಷದಿಂದ ದಮ್ಮು. ಸ್ಥಾವರದವರನ್ನು ಕೇಳಿದರೆ ‘ಚಿಮಣಿ ನೋಡ್ರಿ, ಹೊಗೀನೇ ಇಲ್ಲ’ ಅಂತಾರೆ. ಕಲ್ಲಿದ್ದಲಿನಿಂದ ನಿಜವಾಗಿ ಆಗುವ ಹಾನಿ ಏನು? ಬೂದಿಯನ್ನು ಹೊಲಕ್ಕೆ ಹಾಕಿದರೆ ಒಳ್ಳೆಯದು ಅನ್ನುತ್ತಾರಲ್ಲ, ಹೌದಾ? ಸುಡುವ ಊರಿನವರ ಪಾಡೇ ಹೀಗಾದರೆ ಗಣಿ ಇರುವ ಊರಿನವರದು ಹೇಗೆ?

ಉತ್ತರ: ನಿಮ್ಮ ಊರು ಮತ್ತು ಸ್ಥಾವರದ ಹೆಸರನ್ನು ಬೇಕೆಂದೇ ಬಿಟ್ಟಿದ್ದೇನೆ. ಶಕ್ತಿನಗರ, ಯರಮರಸ್, ಕುಡತಿನಿ, ಕೂಡಗಿ, ಎಲ್ಲೂರು ಹೀಗೆ ನಮ್ಮ ರಾಜ್ಯದಲ್ಲಿ ಕಲ್ಲಿದ್ದಲು ಸುಡುವ ದೊಡ್ಡ ಸ್ಥಾವರಗಳು ಬೆರಳೆಣಿಕೆಯಷ್ಟೇ. ಯಾವುದರ ಸುತ್ತಲಿನ ಊರಿನಿಂದ ಬೇಕಾದರೂ ಈ ಪ್ರಶ್ನೆ ಬರಬಹುದಿತ್ತು.

‘ಹೊಗೆ ಇಲ್ಲ’ ಎಂದವರು ಸುಳ್ಳು ಹೇಳಲಿಲ್ಲ. ಆದರೆ ಅದು ನಿಮ್ಮ ಪ್ರಶ್ನೆಗೆ ಉತ್ತರವೂ ಅಲ್ಲ. ಏಕೆಂದು ತಿಳಿಯಲು ಸ್ವಲ್ಪ ಲೆಕ್ಕ ಹಾಕಬೇಕು.

ಶಕ್ತಿನಗರದ ಸ್ಥಾವರವನ್ನೇ ತೆಗೆದುಕೊಳ್ಳೋಣ. ಮೊದಲ ಘಟಕ ಶುರುವಾದದ್ದು 1985ರಲ್ಲಿ. ಈಗ 210 ಮೆಗಾವಾಟಿನ ಏಳು, 250ರ ಒಂದು, ಒಟ್ಟು 1,720 ಮೆಗಾವಾಟ್. ನಮ್ಮ ದೇಶದ ಕಲ್ಲಿದ್ದಲಿನಲ್ಲಿ ಒಂದು ಯೂನಿಟ್ ಕರೆಂಟಿಗೆ ಸುಮಾರು 700 ಗ್ರಾಂ ಬೇಕು. ಎಂಟೂ ಘಟಕ ಪೂರ್ತಿ ಓಡಿದರೆ (ಹಾಗೆ ಓಡುವುದು ಅಪರೂಪ) ದಿನಕ್ಕೆ 29 ಸಾವಿರ ಟನ್ನಿನ ಹತ್ತಿರ, ಅಂದರೆ ಏಳೆಂಟು ಗೂಡ್ಸ್ ರೈಲು. ಈ ಕಲ್ಲಿದ್ದಲಿನಲ್ಲಿ ನೂರಕ್ಕೆ 35 ಪಾಲು ಸುಡದ ಮಣ್ಣು. ಅದೇ ಬೂದಿ, ದಿನಕ್ಕೆ ಸುಮಾರು 10 ಸಾವಿರ ಟನ್. ಅದರಲ್ಲಿ ಐದನೇ ಒಂದು ಪಾಲು ದಪ್ಪಗಾಗಿ ಬಾಯ್ಲರಿನ ತಳಕ್ಕೆ ಬೀಳುತ್ತದೆ, ಉಳಿದ 8 ಸಾವಿರ ಟನ್ ಹಾರುಬೂದಿಯಾಗಿ ಹೊಗೆಯ ಜೊತೆ ಹೊರಡುತ್ತದೆ.

ಇದನ್ನು ಹಿಡಿಯುವುದು ಇಎಸ್‌ಪಿ ಎಂಬ ಯಂತ್ರ. ಭಾರೀ ವೋಲ್ಟೇಜ್ ಕೊಟ್ಟು ಕಣಗಳಿಗೆ ವಿದ್ಯುದಂಶ ಹಚ್ಚಿ ಲೋಹದ ಹಾಳೆಗಳಿಗೆ ಅಂಟಿಸಿಕೊಳ್ಳುತ್ತದೆ. ಒಳ್ಳೆಯ ಯಂತ್ರವೇ. ನೂರಕ್ಕೆ 99.8ರಷ್ಟು ಹಿಡಿದರೆ ದಿನಕ್ಕೆ 16 ಟನ್ ಮಾತ್ರ ಹೊರಗೆ ಹೋಗುತ್ತದೆ, ಕೆಳಗೆ ನಿಂತು ನೋಡುವವರ ಕಣ್ಣಿಗೆ ಹೊಗೆ ಕಾಣುವುದಿಲ್ಲ.

ಇನ್ನೊಂದು ಲೆಕ್ಕ ಯಾರೂ ಹೇಳುವುದಿಲ್ಲ. ನಮ್ಮ ಕಲ್ಲಿದ್ದಲಿನಲ್ಲಿ ಗಂಧಕ ಕಡಿಮೆ, ನೂರಕ್ಕೆ ಅರ್ಧ ಪಾಲು. ಕಡಿಮೆ ಅಂದರೂ 29 ಸಾವಿರ ಟನ್ನಿನಲ್ಲಿ ಅದು 145 ಟನ್ ಆಯಿತು. ಗಂಧಕ ಉರಿದು ಸಲ್ಫರ್ ಡೈಆಕ್ಸೈಡ್ ಆಗುವಾಗ ಆಮ್ಲಜನಕ ಸೇರಿ ತೂಕ ಇಮ್ಮಡಿಯಾಗುತ್ತದೆ. ದಿನಕ್ಕೆ ಸುಮಾರು 290 ಟನ್ ಅನಿಲ! ಇಎಸ್‌ಪಿಗೆ ಅನಿಲ ಹಿಡಿಯಲು ಬರುವುದಿಲ್ಲ. ಬೇರೆ ಯಂತ್ರ ಇಲ್ಲದಿದ್ದರೆ ಅದು ಹೆಚ್ಚುಕಡಿಮೆ ಪೂರ್ತಿ ಆಕಾಶಕ್ಕೇ. ಬಣ್ಣವಿಲ್ಲದ ಅನಿಲವಾದ್ದರಿಂದ ಚಿಮಣಿಯ ಬಾಯಲ್ಲಿ ಏನೂ ಕಾಣುವುದಿಲ್ಲ. ಆಮೇಲೆ ಕೆಲವು ಗಂಟೆಗಳಿಂದ ಕೆಲವು ದಿನಗಳೊಳಗೆ ಗಾಳಿಯಲ್ಲಿರುವ ಅಮೋನಿಯಾದ ಜೊತೆ ಕೂಡಿ ಸಲ್ಫೇಟ್ ಎಂಬ ಅತಿಸೂಕ್ಷ್ಮ ಕಣವಾಗುತ್ತದೆ. ಅಷ್ಟರಲ್ಲಿ ನೂರಾರು ಕಿಲೋಮೀಟರ್ ಸಾಗಿರುತ್ತದೆ. ಈ ದರ್ಜೆಯ ಘಟಕಗಳ ಚಿಮಣಿ 220 ಮೀಟರ್, 500 ಮೆಗಾವಾಟ್ ಮತ್ತು ಮೇಲಿನವಕ್ಕೆ 275 ಮೀಟರ್ ಇರಬೇಕೆಂಬ ನಿಯಮ ಇರುವುದೇ ದೂರಕ್ಕೆ ಎಸೆಯಲೆಂದು. ಪಕ್ಕದೂರಿಗೆ ಅದರಿಂದ ರಕ್ಷಣೆ ಸಿಗುತ್ತದೆ, ದೂರದೂರಿಗೆ ತಲುಪುತ್ತದೆ.

ಹಾಗಾದರೆ ನಿಮ್ಮ ಮಾಳಿಗೆಯ ಮೇಲೆ ಕೂರುವುದು ಏನು? ಬಹುಮಟ್ಟಿಗೆ ಅದು ಚಿಮಣಿಯಿಂದ ಬಂದದ್ದಲ್ಲ ಎಂದೇ ನನ್ನ ಅಂದಾಜು. ಒಂದು ಚಿಟಿಕೆ ತೆಗೆದು ಬೆರಳಲ್ಲಿ ಉಜ್ಜಿ ನೋಡಿ. ಸಿಮೆಂಟಿನ ಬಣ್ಣವಿದ್ದು ನುಣುಪಾಗಿ ಜಾರಿದರೆ ಹಾರುಬೂದಿ. ಸೂಕ್ಷ್ಮದರ್ಶಕದಲ್ಲಿ ಅದರ ಕಣಗಳು ಪುಟ್ಟ ಗಾಜಿನ ಗೋಲಿಗಳಂತೆ ದುಂಡಗೆ ಕಾಣುತ್ತವೆ. ಕಪ್ಪಗಿದ್ದು ಕೈಗೆ ಮಸಿ ಹತ್ತಿದರೆ ಕಲ್ಲಿದ್ದಲಿನ ಪುಡಿ, ವ್ಯಾಗನ್ ಮಗುಚುವ ಜಾಗದಿಂದಲೋ ಕನ್ವೇಯರಿನಿಂದಲೋ ಎದ್ದದ್ದು. ತರಿತರಿಯಾಗಿದ್ದರೆ ರಸ್ತೆಯ ಮಣ್ಣು. ಹಾರುಬೂದಿಯೇ ಆಗಿದ್ದರೆ ಮೊದಲ ಅನುಮಾನ ಬೂದಿ ಹೊಂಡದ ಮೇಲೆ. ಇಎಸ್‌ಪಿ ಹಿಡಿದ ಬೂದಿಯಲ್ಲಿ ಸಿಮೆಂಟಿಗೆ, ಇಟ್ಟಿಗೆಗೆ ಹೋಗದೆ ಉಳಿದದ್ದನ್ನು ನೀರಿನಲ್ಲಿ ಕಲಸಿ ಪೈಪಿನಲ್ಲಿ ಅಲ್ಲಿಗೆ ಬಿಡುತ್ತಾರೆ. ಹೊಂಡದ ಒಂದು ಭಾಗ ತುಂಬಿ ನೀರು ಇಂಗಿ ಮೇಲ್ಪದರ ಒಣಗಿತೋ, ಏಪ್ರಿಲ್ ಮೇ ಗಾಳಿಗೆ ಅದು ಊರಿನ ಮೇಲೇ. ಎರಡನೆಯ ಅನುಮಾನ ಬೂದಿ ಸಾಗಿಸುವ ಟಿಪ್ಪರುಗಳ ಮೇಲೆ. ಮುಚ್ಚಿದ ಬಲ್ಕರಿನಲ್ಲಿ, ಅಂದರೆ ಟ್ಯಾಂಕರಿನಂಥ ಲಾರಿಯಲ್ಲಿ ಹೋದರೆ ಚೆಲ್ಲುವುದಿಲ್ಲ. ಮೇಲೊಂದು ಹರಿದ ತಾಡಪತ್ರಿ ಹೊದಿಸಿದ ಟಿಪ್ಪರಿನಲ್ಲಿ ಹೋದರೆ ದಾರಿಯುದ್ದಕ್ಕೂ ಉದುರುತ್ತದೆ.

ಇದನ್ನು ಇಷ್ಟು ಬಿಡಿಸಿ ಹೇಳಲು ಕಾರಣವಿದೆ. ಹೊಂಡದ ಬೂದಿ ಏಳದಂತೆ ಮಾಡಲು ದೊಡ್ಡ ತಂತ್ರಜ್ಞಾನ ಬೇಕಿಲ್ಲ. ಮೇಲೆ ನೀರು ನಿಲ್ಲಿಸಬೇಕು, ಒಣ ಭಾಗಕ್ಕೆ ಸ್ಪ್ರಿಂಕ್ಲರ್ ಹಾಕಬೇಕು, ತುಂಬಿದ ಭಾಗಕ್ಕೆ ಮಣ್ಣು ಹೊದಿಸಿ ಹುಲ್ಲು ಬೆಳೆಸಬೇಕು. ಚಿಮಣಿಯನ್ನು ದೂರುತ್ತ ಕೂತರೆ ಅವರು ಚಿಮಣಿಯ ಅಂಕಿ ತೋರಿಸಿ ಕೈತೊಳೆದುಕೊಳ್ಳುತ್ತಾರೆ.

ಚಿಮಣಿಯಿಂದ ಕಪ್ಪು ಹೊಗೆ ಬರುವುದೂ ಉಂಟು. ನಿಂತ ಘಟಕವನ್ನು ಮತ್ತೆ ಹೊತ್ತಿಸುವಾಗ ಮೊದಲು ಎಣ್ಣೆ ಸುಡುತ್ತಾರೆ. ಆ ಹೊತ್ತಿನಲ್ಲಿ ಎಣ್ಣೆಯ ಮಸಿ ಹಾಳೆಗಳಿಗೆ ಹತ್ತಿ ಬೆಂಕಿ ಹಿಡಿದೀತೆಂದು ಇಎಸ್‌ಪಿಯನ್ನು ಪೂರ್ತಿಯಾಗಿ ಚಾಲೂ ಮಾಡುವುದಿಲ್ಲ. ಈಗ ಹಗಲಿನಲ್ಲಿ ಸೌರ ವಿದ್ಯುತ್ ಸಾಕಷ್ಟಿರುವುದರಿಂದ ಕಲ್ಲಿದ್ದಲು ಘಟಕಗಳನ್ನು ಇಳಿಸುವುದು, ಏರಿಸುವುದು, ನಿಲ್ಲಿಸಿ ಹೊತ್ತಿಸುವುದು ಹೆಚ್ಚಿದೆ. ಅಂಥ ದಿನ, ಅಂಥ ಗಂಟೆಯನ್ನು ಬರೆದಿಟ್ಟುಕೊಳ್ಳಿ, ಮುಂದೆ ಉಪಯೋಗಕ್ಕೆ ಬರುತ್ತದೆ.

ಇನ್ನು ಅಪ್ಪನ ದಮ್ಮು. ನಾನು ಪರಿಸರ ಎಂಜಿನಿಯರ್, ವೈದ್ಯನಲ್ಲ. ಔಷಧದ ಮಾತು ವೈದ್ಯರೇ ಹೇಳಬೇಕು. ನನಗೆ ಗೊತ್ತಿರುವುದು ಕಣದ ಗಾತ್ರದ ಲೆಕ್ಕ. ಮಾಳಿಗೆ ಮೇಲೆ ಕಣ್ಣಿಗೆ ಕಾಣುವ ಬೂದಿಯ ಬಹುಪಾಲು ಮೂಗು, ಗಂಟಲಿನಲ್ಲೇ ನಿಲ್ಲುತ್ತದೆ. ಕೆಮ್ಮು, ಕಣ್ಣುರಿ, ಇದ್ದ ಆಸ್ತಮಾ ಕೆರಳುವುದು ಇದರಿಂದ. ಎರಡೂವರೆ ಮೈಕ್ರಾನಿಗಿಂತ ಸಣ್ಣ ಕಣ, ಅಂದರೆ ತಲೆಕೂದಲಿನ ದಪ್ಪದಲ್ಲಿ ಇಪ್ಪತ್ತರಲ್ಲೋ ಮೂವತ್ತರಲ್ಲೋ ಒಂದು ಪಾಲಿನಷ್ಟರದ್ದು, ಶ್ವಾಸಕೋಶದ ಕೊನೆಯ ಗಾಳಿಚೀಲದವರೆಗೂ ಇಳಿಯುತ್ತದೆ. ಅದರಲ್ಲೂ ತೀರಾ ಸಣ್ಣವು ರಕ್ತಕ್ಕೂ ಸೇರುತ್ತವೆ. ಇದನ್ನೇ ಪಿಎಂ 2.5 ಅನ್ನುವುದು. ಇದರಿಂದ ಸಾಯುವವರಲ್ಲಿ ಬಹಳ ಮಂದಿ ಸಾಯುವುದು ಹೃದಯಾಘಾತ, ಲಕ್ವದಿಂದ. ಹಾಗಾಗಿ ಮರಣ ಪತ್ರದಲ್ಲಿ ಗಾಳಿಯ ಹೆಸರು ಎಲ್ಲೂ ಬರುವುದಿಲ್ಲ. ಗರ್ಭಿಣಿಯರು ಇದನ್ನೇ ಉಸಿರಾಡಿದರೆ ಮಗುವಿನ ಹುಟ್ಟುತೂಕ ಕಡಿಮೆಯಾಗುತ್ತದೆ ಎಂಬುದೂ ಹಲವು ದೇಶಗಳಲ್ಲಿ ಕಂಡ ಸಂಗತಿ. ನಮ್ಮ ದೇಶದ ಮಿತಿ ವರ್ಷದ ಸರಾಸರಿ ಘನಮೀಟರಿಗೆ 40 ಮೈಕ್ರೋಗ್ರಾಂ, ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಹೇಳಿದ್ದು 5. ‘ಮಿತಿಯೊಳಗಿದೆ’ ಎಂದು ಯಾರಾದರೂ ಹೇಳಿದರೆ ಯಾವ ಮಿತಿ ಎಂದು ಕೇಳಿ.

ಆದರೆ ನಿಮ್ಮ ಅಪ್ಪನ ದಮ್ಮಿಗೆ ಸ್ಥಾವರವೇ ಕಾರಣ ಎಂದು ಯಾವ ಎಕ್ಸ್‌ರೇಯೂ ಹೇಳಲಾರದು. ಬೀಡಿ ಸೇದಿದ್ದರೇ? ಮನೆಯಲ್ಲಿ ಬಹಳ ಕಾಲ ಸೌದೆ ಒಲೆ ಇತ್ತೇ? ಹತ್ತಿ ಕಟ್ಟಿಗೆ, ಭತ್ತದ ಹುಲ್ಲು ಸುಡುವ ಊರೇ? ಇವೆಲ್ಲವೂ ಅದೇ ಗಾತ್ರದ ಕಣ ಬಿಡುತ್ತವೆ. ಜಿಲ್ಲಾ ಆಸ್ಪತ್ರೆಯಲ್ಲೋ ವೈದ್ಯಕೀಯ ಕಾಲೇಜಿನಲ್ಲೋ ಸ್ಪೈರೋಮೆಟ್ರಿ ಮಾಡಿಸಿ, ಕೊಳವೆಯೊಳಗೆ ಜೋರಾಗಿ ಊದಿಸುವ ಪರೀಕ್ಷೆ ಅದು. ಆಸ್ತಮಾವೋ ಸಿಒಪಿಡಿಯೋ (ಶ್ವಾಸನಾಳಗಳು ಕಾಯಂ ಆಗಿ ಕಿರಿದಾಗುವ ಕಾಯಿಲೆ) ಎಂಬುದು ಅದರಿಂದ ತಿಳಿಯುತ್ತದೆ, ಔಷಧ ಅದರ ಮೇಲೆ ನಿಂತಿದೆ. ಇನ್‌ಹೇಲರ್ ‘ಚಟವಾಗುತ್ತದೆ’ ಎಂದು ಹೆದರಿ ಮಾತ್ರೆಗಳಲ್ಲೇ ಕಾಲ ತಳ್ಳುವವರು ನಮ್ಮ ಕಡೆ ಬಹಳ. ಆ ಹೆದರಿಕೆಗೆ ಆಧಾರವಿಲ್ಲ. ಗಾಳಿ ಎದ್ದ ದಿನ ಅಪ್ಪ ಹೊರಗೆ ಹೋಗಲೇಬೇಕಾದರೆ ಎನ್95 ಮಾಸ್ಕ್ ಹಾಕಲಿ, ಟವಲ್ ಸುತ್ತಿಕೊಂಡರೆ ಸಣ್ಣ ಕಣ ನಿಲ್ಲುವುದಿಲ್ಲ. ಅಂಗಳ, ಮಾಳಿಗೆಯನ್ನು ಒಣಗಿದ ಪೊರಕೆಯಲ್ಲಿ ಗುಡಿಸಬೇಡಿ, ನೀರು ಚಿಮುಕಿಸಿ ಒರೆಸಿ.

ನೀವು ನೀರಿನ ಬಗ್ಗೆ ಕೇಳಿಲ್ಲ, ಆದರೂ ಹೇಳಬೇಕು. ಬೂದಿಯಲ್ಲಿ ಆರ್ಸೆನಿಕ್, ಸೀಸ, ಕ್ರೋಮಿಯಂ, ಸೆಲೆನಿಯಂ, ಬೋರಾನ್ ಸ್ವಲ್ಪ ಸ್ವಲ್ಪವೇ ಇರುತ್ತವೆ. ಕಲ್ಲಿದ್ದಲು ಉರಿದು ಹೋದ ಮೇಲೆ ಅವೆಲ್ಲ ಬೂದಿಯಲ್ಲಿ ಒತ್ತಾಗಿ ಉಳಿಯುತ್ತವೆ. ತಳಕ್ಕೆ ಹಾಳೆ ಹಾಸದ ಹಳೆಯ ಹೊಂಡಗಳಿಂದ ಇವು ಬಾವಿಗಳಿಗೆ ಇಳಿಯಬಹುದು. ಹಾಗೆಂದು ರಾಯಚೂರು ಕಡೆಯ ಬೋರ್‌ವೆಲ್ಲಿನ ಫ್ಲೋರೈಡನ್ನೆಲ್ಲ ಬೂದಿಯ ತಲೆಗೆ ಕಟ್ಟುವುದು ತಪ್ಪು, ಅದು ಅಲ್ಲಿನ ಕಲ್ಲಿನಲ್ಲೇ ಇರುವುದು. ಬೂದಿ ನೀರಿನ ಗುರುತು ಬೇರೆ: ಬೋರಾನ್ ಮತ್ತು ಸಲ್ಫೇಟ್. ಹೊಂಡದ ಕೆಳಬದಿಯ ಬಾವಿಯದೊಂದು, ಮೇಲ್ಬದಿಯ ಬಾವಿಯದೊಂದು ಮಾದರಿ ತೆಗೆದು ಇವೆರಡನ್ನೂ ನೋಡಿಸಿ. ಕೆಳಗಿನದರಲ್ಲಿ ಎರಡೂ ಎದ್ದು ಕಂಡರೆ ಹೊಂಡ ಸೋರುತ್ತಿದೆ ಎನ್ನಲು ಬಲವಾದ ಕಾರಣ ಸಿಕ್ಕಂತೆ. ಹೊಂಡದ ಏರಿಯ ಮೇಲೂ ಕಣ್ಣಿರಲಿ. ಮಧ್ಯಪ್ರದೇಶದ ಸಿಂಗ್ರೌಲಿಯ ಸಾಸನ್‌ನಲ್ಲಿ 2020ರ ಏಪ್ರಿಲ್‌ನಲ್ಲಿ ಏರಿ ಒಡೆದು ಬೂದಿ ಕೆಸರು ಹೊಲ, ಮನೆಗಳ ಮೇಲೆ ನುಗ್ಗಿತು, ಮಕ್ಕಳೂ ಸೇರಿ ಜನ ಸತ್ತರು. ಒಂದು ವರ್ಷದೊಳಗೆ ಅದೇ ಜಿಲ್ಲೆಯಲ್ಲಿ ಒಡೆದ ಮೂರನೆಯ ಏರಿ ಅದು.

ಉಡುಪಿ ಜಿಲ್ಲೆಯ ಎಲ್ಲೂರಿನ ಕಥೆ ಬೇರೆಯೇ. ಅಲ್ಲಿ ಉರಿಯುವುದು ಹಡಗಿನಲ್ಲಿ ಬರುವ ವಿದೇಶಿ ಕಲ್ಲಿದ್ದಲು, ಬೂದಿ ಕಡಿಮೆ. ತಂಪು ಮಾಡಲು ಬಳಸುವುದು ಸಮುದ್ರದ ನೀರು. ಹಾಗಾಗಿ ಅಲ್ಲಿನ ರೈತರ ದೂರಿನಲ್ಲಿ ಬೂದಿಯಷ್ಟೇ ಉಪ್ಪಿನ ಮಾತೂ ಇತ್ತು. ಮಲ್ಲಿಗೆ, ತೆಂಗು ಬೆಳೆಯುವ ಆ ಸೀಮೆಯ ತಕರಾರು ಪರಿಸರದ ವ್ಯಾಜ್ಯ ನೋಡುವ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯವರೆಗೂ ಹೋಯಿತು.

ಹೊಲಕ್ಕೆ ಬೂದಿ ಹಾಕುವ ಮಾತು ಅರ್ಧ ನಿಜ. ಸಾರಜನಕ ಅದರಲ್ಲಿ ಇಲ್ಲವೇ ಇಲ್ಲ ಎನ್ನಬಹುದು, ಪೊಟ್ಯಾಷ್, ಸುಣ್ಣ, ಸಿಲಿಕಾ ಸ್ವಲ್ಪ ಇದೆ. ಗಟ್ಟಿ ಎರೆಮಣ್ಣನ್ನು ಸಡಿಲಿಸುತ್ತದೆ ಎಂಬುದೂ ಸರಿ. ಹುಳಿಮಣ್ಣಿಗೆ ಕ್ಷಾರದ ಬೂದಿ ಹಿತ. ಆದರೆ ನಿಮ್ಮ ಕಡೆಯ ಎರೆಮಣ್ಣು ಮೊದಲೇ ಕ್ಷಾರ, ಇನ್ನಷ್ಟು ಕ್ಷಾರ ಸುರಿದು ಉಪಯೋಗವಿಲ್ಲ. ಬೋರಾನ್ ಮಿತಿ ಮೀರಿದರೆ ಎಲೆಯ ಅಂಚು ಸುಟ್ಟಂತಾಗುತ್ತದೆ. 2021ರ ಡಿಸೆಂಬರಿನ ಹಾರುಬೂದಿ ಅಧಿಸೂಚನೆಯೂ ಕೃಷಿಗೆ ಬಳಸುವುದಾದರೆ ಮಣ್ಣು ಪರೀಕ್ಷೆ ಮಾಡಿಸಿ, ಹಿಡಿತದಲ್ಲಿ ಎಂದೇ ಹೇಳುತ್ತದೆ. ಪುಕ್ಕಟೆ ಸಿಗುತ್ತದೆಂದು ಟ್ರಾಕ್ಟರ್‌ಗಟ್ಟಲೆ ತಂದು ಸುರಿಯಬೇಡಿ. ದೇಶದಲ್ಲಿ ವರ್ಷಕ್ಕೆ 30 ಕೋಟಿ ಟನ್ನಿಗೂ ಹೆಚ್ಚು ಬೂದಿ ಬರುತ್ತದೆ, ಅದನ್ನು ಪೂರ್ತಿ ವಿಲೇವಾರಿ ಮಾಡಬೇಕೆಂಬ ಒತ್ತಡ ಸ್ಥಾವರಗಳ ಮೇಲಿದೆ; ‘ಗೊಬ್ಬರ’ ಎನ್ನುವ ಮಾತಿನಲ್ಲಿ ಆ ಒತ್ತಡದ ಪಾಲೂ ಇರುತ್ತದೆ. ಬೂದಿಗೆ ತಕ್ಕ ಜಾಗ ಸಿಮೆಂಟ್, ಇಟ್ಟಿಗೆ. ಮನೆ ಕಟ್ಟಲು ತಂದ ಪಿಪಿಸಿ ಸಿಮೆಂಟ್ ಚೀಲದ ಮೇಲೆ ‘ಫ್ಲೈ ಆಶ್ ಬೇಸ್ಡ್’ ಎಂದು ಬರೆದಿರುತ್ತದೆ ನೋಡಿ, ನೂರಕ್ಕೆ 15ರಿಂದ 35 ಪಾಲು ಇದೇ ಬೂದಿ. ಅಲ್ಲಿ ಅದು ಕಲ್ಲಾಗಿ ಬಂಧಿಯಾಗುತ್ತದೆ.

ಗಣಿ ಊರುಗಳ ಬಗ್ಗೆ ಕೇಳಿದ್ದಕ್ಕೆ ಸಂತೋಷವಾಯಿತು. ಕರ್ನಾಟಕದಲ್ಲಿ ಕಲ್ಲಿದ್ದಲು ಗಣಿ ಇಲ್ಲ, ಹಾಗಾಗಿ ಅದು ನಮಗೆ ರೈಲಿನಿಂದಲೇ ಶುರುವಾಗುವ ವಸ್ತು. ಶಕ್ತಿನಗರಕ್ಕೆ ಬರುವುದರಲ್ಲಿ ಒಂದು ಪಾಲು ತೆಲಂಗಾಣದ ಸಿಂಗರೇಣಿಯದು. ಗೋದಾವರಿ ಕಣಿವೆಯ ಆ ಗಣಿಗಳಲ್ಲಿ 1889ರಿಂದ ಅಗೆಯುತ್ತಿದ್ದಾರೆ. ಮೊದಲು ಸುರಂಗ ಇಳಿದು ತೆಗೆಯುತ್ತಿದ್ದರು. ಈಗ ದೇಶದ ಕಲ್ಲಿದ್ದಲಿನಲ್ಲಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಓಪನ್‌ಕಾಸ್ಟ್, ಅಂದರೆ ಮೇಲಿನ ಮಣ್ಣು, ಬಂಡೆ, ಕಾಡು, ಊರು ಎಲ್ಲ ಸರಿಸಿ ತೆರೆದ ಗುಂಡಿಯಿಂದ ಎತ್ತುವುದು. 2024–25ರಲ್ಲಿ ದೇಶ ಮೊದಲ ಬಾರಿಗೆ ವರ್ಷಕ್ಕೆ 100 ಕೋಟಿ ಟನ್ ದಾಟಿತು. ಒಂದು ಟನ್ನಿಗೆ ಅದಕ್ಕಿಂತ ಹೆಚ್ಚು ಮಣ್ಣು ಕಲ್ಲು ತೆಗೆಯಬೇಕಾಗುವುದರಿಂದ ಪಕ್ಕದಲ್ಲೇ ಬೆಟ್ಟಗಳೇಳುತ್ತವೆ. ಗುಂಡಿ ಆಳವಾದಂತೆ ಒಳಗೆ ಬರುವ ನೀರನ್ನು ಎತ್ತಿ ಹೊರಹಾಕುತ್ತಾರೆ, ಸುತ್ತಲಿನ ಬಾವಿಗಳು ಬತ್ತುತ್ತವೆ. ಮಧ್ಯಾಹ್ನ ಬ್ಲಾಸ್ಟಿಂಗ್ ಆದಾಗ ಮನೆಗೋಡೆ ಬಿರಿಯುವುದು, ಗುಂಡಿಯಿಂದ ಕಿತ್ತಳೆ ಬಣ್ಣದ ಹೊಗೆ ಏಳುವುದು ಅಲ್ಲಿಯವರಿಗೆ ಮಾಮೂಲು; ಆ ಬಣ್ಣ ನೈಟ್ರೋಜನ್ ಡೈಆಕ್ಸೈಡಿನದು.

ಜಾರ್ಖಂಡದ ಝರಿಯಾದಲ್ಲಿ ಬೆಂಕಿಯೇ ನೆಲದೊಳಗಿದೆ. 1916ರಲ್ಲಿ ಮೊದಲು ಗೊತ್ತಾದ ಬೆಂಕಿ ಇನ್ನೂ ಪೂರ್ತಿ ಆರಿಲ್ಲ. ಕಲ್ಲಿದ್ದಲು ಗಾಳಿಗೆ ತೆರೆದುಕೊಂಡರೆ ನಿಧಾನವಾಗಿ ಆಮ್ಲಜನಕ ಹೀರಿ ಬಿಸಿಯಾಗುತ್ತದೆ, ಬಿಸಿ ಹೊರಹೋಗದಿದ್ದರೆ ತಾನಾಗಿಯೇ ಹೊತ್ತಿಕೊಳ್ಳುತ್ತದೆ. ಹಳೆಯ ಸುರಂಗಗಳನ್ನು ಮರಳಿನಿಂದ ತುಂಬದೆ ಬಿಟ್ಟದ್ದರಿಂದ ಬೆಂಕಿಗೆ ಗಾಳಿಯ ದಾರಿ ಸಿಕ್ಕಿತು. ಬಿರುಕುಗಳಿಂದ ಇಂಗಾಲದ ಮಾನಾಕ್ಸೈಡ್, ಗಂಧಕದ ಹೊಗೆ ಬರುತ್ತದೆ, ನೆಲ ಕುಸಿದು ಮನೆ ಮನುಷ್ಯರನ್ನು ನುಂಗಿದ ಘಟನೆಗಳು ಆಗುತ್ತಲೇ ಇವೆ. ಜನರನ್ನು ಸ್ಥಳಾಂತರಿಸುವ ಯೋಜನೆಗೆ 2009ರಲ್ಲಿ ಒಪ್ಪಿಗೆ ಸಿಕ್ಕಿತು, 2025ರಲ್ಲಿ ಮತ್ತೆ ಪರಿಷ್ಕರಿಸಿದರು. ಬೆಲ್ಗಡಿಯಾದಲ್ಲಿ ಕಟ್ಟಿದ ಮನೆಗಳಿಗೆ ಹೋದವರ ದೂರು ಒಂದೇ, ಅಲ್ಲಿ ಕೂಲಿ ಇಲ್ಲ. ಬೆಂಕಿಯ ಪಕ್ಕದಲ್ಲೇ ಇದ್ದರೆ ಕಲ್ಲಿದ್ದಲು ಹೆಕ್ಕಿ ಸೈಕಲ್ಲಿನಲ್ಲಿ ಹೇರಿಕೊಂಡು ಮಾರಿಯಾದರೂ ಬದುಕಬಹುದು.

ಮೇಘಾಲಯದ ಜೈಂತಿಯಾ ಬೆಟ್ಟಗಳಲ್ಲಿ ಹಾನಿ ನೀರಿನದು. ಅಲ್ಲಿನ ಕಲ್ಲಿದ್ದಲಿನಲ್ಲಿ ಗಂಧಕ ಹೆಚ್ಚು. ಬಿಲದಂಥ ಗಣಿಗಳಿಂದ ಹೊರಬಿದ್ದ ಆ ಗಂಧಕ ಮಳೆನೀರು, ಗಾಳಿ ಕೂಡಿ ಗಂಧಕಾಮ್ಲವಾಗಿ ಹೊಳೆ ಸೇರಿತು. ಲೂಖಾ ನದಿ ಚಳಿಗಾಲದಲ್ಲಿ ಕಡುನೀಲಿಯಾಗುತ್ತದೆ, ಫೋಟೊಕ್ಕೆ ಚಂದ, ಮೀನು ಸತ್ತ ನೀರು ಅದು. ಹಸಿರು ನ್ಯಾಯಮಂಡಳಿ 2014ರಲ್ಲಿ ಆ ಗಣಿಗಳನ್ನು ನಿಷೇಧಿಸಿದ ಮೇಲೂ 2018ರ ಡಿಸೆಂಬರಿನಲ್ಲಿ ನೀರು ನುಗ್ಗಿ ಹದಿನೈದು ಮಂದಿ ಒಳಗೇ ಸಿಕ್ಕಿಕೊಂಡರು.

ಸುರಂಗದಲ್ಲಿ ದುಡಿದವರ ಶ್ವಾಸಕೋಶದಲ್ಲಿ ಕಲ್ಲಿದ್ದಲಿನ ಪುಡಿ ಕೂತು ಗಟ್ಟಿಯಾಗುವ ನ್ಯೂಮೋಕೋನಿಯೋಸಿಸ್, ಬಂಡೆಯ ದೂಳಿನಿಂದ ಬರುವ ಸಿಲಿಕೋಸಿಸ್ ಎರಡಕ್ಕೂ ಗುಣವೆಂಬುದಿಲ್ಲ. ಸಿಲಿಕೋಸಿಸ್ ಇದ್ದವರಿಗೆ ಕ್ಷಯ ಬೇಗ ಹಿಡಿಯುವುದರಿಂದ ಎಷ್ಟೋ ಜನ ಬರೀ ಟಿಬಿ ರೋಗಿಗಳಾಗಿ ದಾಖಲೆ ಸೇರುತ್ತಾರೆ, ಪರಿಹಾರ ಕೈತಪ್ಪುತ್ತದೆ.

ಹವಾಮಾನದ ವಿಷಯ ನಿಮಗೆ ಗೊತ್ತೇ ಇರುತ್ತದೆ: ಒಂದು ಯೂನಿಟ್ಟಿಗೆ ಹೆಚ್ಚುಕಡಿಮೆ ಒಂದು ಕಿಲೋ ಇಂಗಾಲದ ಡೈಆಕ್ಸೈಡ್. ಬ್ರಿಟನ್ 2024ರ ಸೆಪ್ಟೆಂಬರ್ 30ರಂದು ತನ್ನ ಕೊನೆಯ ಕಲ್ಲಿದ್ದಲು ವಿದ್ಯುತ್ ಸ್ಥಾವರ ಮುಚ್ಚಿತು. ನಮ್ಮಲ್ಲಿ ಸಂಜೆ ಸೂರ್ಯ ಮುಳುಗಿದ ಮೇಲೆ ಇನ್ನೂ ಹಲವು ವರ್ಷ ಕಲ್ಲಿದ್ದಲು ಬೇಕೇ ಬೇಕು ಎಂಬುದು ನನ್ನ ತಿಳಿವಳಿಕೆ. ಆದ್ದರಿಂದಲೇ ಇರುವ ಸ್ಥಾವರ ಹೇಗೆ ಉರಿಯುತ್ತದೆ ಎಂಬುದು ಮುಖ್ಯ.

ಅಲ್ಲೇ ನನ್ನ ಅಸಮಾಧಾನ. ಕೇಂದ್ರ ಪರಿಸರ ಸಚಿವಾಲಯ 2015ರ ಡಿಸೆಂಬರಿನಲ್ಲಿ ಗಂಧಕದ ಅನಿಲಕ್ಕೆ, ಪಾದರಸಕ್ಕೆ ಮೊದಲ ಬಾರಿ ಮಿತಿ ಹಾಕಿತು. ಸುಣ್ಣಕಲ್ಲಿನ ನೀರಿನಿಂದ ಅನಿಲ ತೊಳೆಯುವ ಎಫ್‌ಜಿಡಿ ಯಂತ್ರ 2017ಕ್ಕೇ ಬರಬೇಕಿತ್ತು. ಗಡುವು ಮುಂದೆ ಹೋಗುತ್ತಾ ಹೋಗುತ್ತಾ 2025ರ ಜುಲೈನಲ್ಲಿ ಹೆಚ್ಚಿನ ಸ್ಥಾವರಗಳಿಗೆ ಅದರಿಂದ ವಿನಾಯಿತಿಯೇ ಸಿಕ್ಕಿತು. ದೊಡ್ಡ ನಗರಗಳಿಗೆ ಹತ್ತು ಕಿಲೋಮೀಟರ್ ಒಳಗಿನವು ಮಾತ್ರ ಹಾಕಲೇಬೇಕು. ಗಂಧಕ ಕಡಿಮೆ, ಖರ್ಚು ಹೆಚ್ಚು, ಸುಣ್ಣಕಲ್ಲಿಗೆ ಮತ್ತೆ ಗಣಿ ಎಂಬುದು ಸಚಿವಾಲಯದ ವಾದ. ಖರ್ಚಿನ ಮಾತು ಸುಳ್ಳಲ್ಲ. ಆದರೆ ನೂರಾರು ಕಿಲೋಮೀಟರ್ ಸಾಗುವ ಅನಿಲಕ್ಕೆ ಹತ್ತು ಕಿಲೋಮೀಟರಿನ ಗೆರೆ ಎಳೆಯುವುದು ಯಾವ ವಿಜ್ಞಾನ?

ನೀವು ಈಗ ಮಾಡಬಹುದಾದದ್ದು. ಚಿಮಣಿಯೊಳಗೆ ದಿನದ ಇಪ್ಪತ್ತನಾಲ್ಕು ಗಂಟೆಯೂ ಅಳೆಯುವ ಉಪಕರಣ ಇರುತ್ತದೆ, ಅದರ ಅಂಕಿ ಮಾಲಿನ್ಯ ನಿಯಂತ್ರಣ ಮಂಡಳಿಗೆ ನೇರವಾಗಿ ಹೋಗುತ್ತದೆ. ನೀವು ಕಪ್ಪು ಹೊಗೆ ಕಂಡ ದಿನ, ಗಂಟೆಯ ಅಂಕಿಯನ್ನೇ ಮಾಹಿತಿ ಹಕ್ಕಿನಲ್ಲಿ ಕೇಳಿ. ತಿಂಗಳ ಸರಾಸರಿ ಕೊಟ್ಟರೆ ಒಪ್ಪಬೇಡಿ, ಸರಾಸರಿಯಲ್ಲಿ ಎಲ್ಲ ಮುಚ್ಚಿಹೋಗುತ್ತದೆ. ಜೊತೆಗೆ ಬೂದಿ ಹೊಂಡದ ಸುತ್ತಲಿನ ಬಾವಿಗಳ ಪರೀಕ್ಷಾ ವರದಿ, ಪರಿಸರ ಅನುಮತಿ ಪತ್ರದ ಷರತ್ತುಗಳು ಮತ್ತು ಆರು ತಿಂಗಳಿಗೊಮ್ಮೆ ಸ್ಥಾವರ ಸಲ್ಲಿಸಬೇಕಾದ ಪಾಲನಾ ವರದಿ ಕೇಳಿ. ಷರತ್ತಿನಲ್ಲಿ ಹೊಂಡ ಒದ್ದೆಯಾಗಿಡಬೇಕು, ಬೂದಿ ಲಾರಿ ಮುಚ್ಚಿರಬೇಕು ಎಂದು ಸಾಮಾನ್ಯವಾಗಿ ಬರೆದಿರುತ್ತದೆ. ಆ ಸಾಲನ್ನು ಎತ್ತಿ ಬರೆದು, ಒಣಗಿದ ಹೊಂಡದ ತಾರೀಕಿರುವ ಫೋಟೊ ಲಗತ್ತಿಸಿ, ಗ್ರಾಮ ಪಂಚಾಯಿತಿಯ ಠರಾವಿನೊಂದಿಗೆ ಮಂಡಳಿಯ ಪ್ರಾದೇಶಿಕ ಕಚೇರಿಗೆ ಕೊಡಿ. ಅರ್ಜಿ ಮಾರ್ಚ್ ಮುಗಿಯುವುದರೊಳಗೆ ಹೋಗಲಿ, ಗಾಳಿ ಏಳುವುದು ಆಮೇಲೆ.